ತಡೆದದ್ದೇ ಬೇಕಾದದ್ದು: ಮೇಜಿನ ಮೇಲಿನ ಅಲ್ಟ್ರಾಫಿಲ್ಟ್ರೇಷನ್

ಭೀಮಾ ತೀರದ ದೇವಣಗಾಂವದಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳವರೆಗೆ, ಪೊರೆಯಲ್ಲಿ ಸೋಸಿದ ನೀರು ಈಗ ಯಾರಿಗೂ ಹೊಸದಲ್ಲ. ನಾಣ್ಯ ಹಾಕಿದರೆ ಕ್ಯಾನ್ ತುಂಬಿಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳ ಒಳಗೆ ಕೂತಿರುವುದು ಆರ್‌ಒ ಪೊರೆ. ಬೋರ್‌ವೆಲ್ಲಿನ ಸವುಳು ನೀರನ್ನು ಪಂಪು ಒತ್ತಿ ನೂಕುತ್ತದೆ. ದಾಟಿದ ನೀರು ಕ್ಯಾನಿಗೆ, ದಾಟದ ಉಪ್ಪು, ಫ್ಲೋರೈಡು ಎಲ್ಲ ಹೊರಗಿನ ಮೋರಿಗೆ. ಪ್ರಯೋಗಾಲಯದ ಮೇಜಿನ ಮೇಲೆ ನಡೆಯುವ ಅಲ್ಟ್ರಾಫಿಲ್ಟ್ರೇಷನ್ ಬಹಳ ಸಲ ಈ ಲೆಕ್ಕವನ್ನು ತಿರುವಿಹಾಕುತ್ತದೆ. ಅಲ್ಲಿ ದಾಟಿಹೋದ ನೀರು, ಉಪ್ಪು, ಸಕ್ಕರೆ ಬೇಡವಾದದ್ದು. ಪೊರೆಯ ಈಚೆ ಉಳಿದ ಚಮಚದಷ್ಟು ದ್ರಾವಣಕ್ಕಾಗಿ ಸಂಶೋಧಕರು ವಾರಗಟ್ಟಲೆ ದುಡಿದಿರುತ್ತಾರೆ.

ಎರಡೂ ಪೊರೆಗಳೇ ಆದರೂ ಒಂದರ ಕೆಲಸ ಇನ್ನೊಂದರಿಂದ ಆಗದು. ಅಲ್ಟ್ರಾಫಿಲ್ಟ್ರೇಷನ್ ಪೊರೆಯ ರಂಧ್ರಗಳು ಹೆಚ್ಚುಕಡಿಮೆ 2ರಿಂದ 100 ನ್ಯಾನೊಮೀಟರ್. ಬ್ಯಾಕ್ಟೀರಿಯಾ ನುಸುಳಲಾರವು, ಬಹುಪಾಲು ವೈರಸ್‌ಗಳೂ ನುಸುಳಲಾರವು, ದೊಡ್ಡ ಪ್ರೋಟೀನುಗಳು ನಿಲ್ಲುತ್ತವೆ. ನೀರಿನಲ್ಲಿ ಕರಗಿದ ಉಪ್ಪು ಮತ್ತು ಫ್ಲೋರೈಡು ಮಾತ್ರ ಸಲೀಸಾಗಿ ದಾಟುತ್ತವೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿ ಹಲವು ಕಂಪನಿಗಳಿಗೆ ಕೊಟ್ಟ ಮನೆಬಳಕೆಯ ಶುದ್ಧೀಕರಣ ಯಂತ್ರ ಇದೇ ಜಾತಿಯ ಪೊರೆಯದು. ನಲ್ಲಿಯ ಒತ್ತಡ ಸಾಕು, ಕರೆಂಟು ಬೇಡ, ರೋಗಾಣುಗಳ ಮಟ್ಟಿಗೆ ಒಳ್ಳೆಯದು. ಆದರೆ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಆ ಮಿತಿ ಮೀರಿದ ಬೋರ್‌ವೆಲ್ ಇರುವ ಊರಿನಲ್ಲಿ 'ಯುಎಫ್' ಎಂಬ ಎರಡಕ್ಷರ ನೋಡಿ ಯಂತ್ರ ಕೊಂಡವನಿಗೆ ರೋಗಾಣುವಿಲ್ಲದ ಫ್ಲೋರೈಡು ನೀರು ಸಿಗುತ್ತದೆ, ಅಷ್ಟೆ.

ಪ್ರಯೋಗಾಲಯದ ಮಾತಿಗೆ ಬರೋಣ. ಕಳೆದ ಕೆಲವು ದಶಕಗಳಲ್ಲಿ ಈ ತಂತ್ರದ ಯಂತ್ರಗಳು ಕಾರ್ಖಾನೆಯ ನೆಲದಿಂದ ಮೇಜಿಗೆ, ಮೇಜಿನಿಂದ ಅಂಗೈಗೆ ಇಳಿದಿವೆ. ಬೆಂಗಳೂರಿನ ಜೈವಿಕ ತಂತ್ರಜ್ಞಾನ ಕಂಪನಿಗಳಲ್ಲಿ ಅವು ದಿನನಿತ್ಯದ ಸಾಮಾನು. ಒಂದು ಜಿಲ್ಲಾ ಕೇಂದ್ರದ ಕಾಲೇಜಿಗೆ, ಅಲ್ಲಿನ ಸಸ್ಯಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರ ವಿಭಾಗಕ್ಕೆ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ.

ಚರಿತ್ರೆ ಉದ್ದವಿದೆ, ಚುಟುಕಾಗಿ ಹೇಳಬಹುದು. ಬ್ರಿಟನ್ನಿನ ಥಾಮಸ್ ಗ್ರಹಾಂ 1861ರಲ್ಲಿ ಪೊರೆಯ ಮೂಲಕ ದೊಡ್ಡ ಕಣಗಳನ್ನೂ ಸಣ್ಣ ಕಣಗಳನ್ನೂ ಬೇರ್ಪಡಿಸಿ ಅದಕ್ಕೆ ಡಯಾಲಿಸಿಸ್ ಎಂದು ಹೆಸರಿಟ್ಟ. ಜರ್ಮನಿಯ ಹೈನ್ರಿಖ್ ಬೆಖ್‌ಹೋಲ್ಡ್ ಸೋಸುಕಾಗದಕ್ಕೆ ಕೊಲೋಡಿಯನ್ ಲೇಪಿಸಿ, ಒತ್ತಡ ಹಾಕಿ ಸೋಸಿದ; ಅಲ್ಟ್ರಾಫಿಲ್ಟ್ರೇಷನ್ ಎಂಬ ಹೆಸರು 1907ರ ಆ ಕೆಲಸದ್ದು. 1925ರ ರಸಾಯನಶಾಸ್ತ್ರ ನೊಬೆಲ್ ಪಡೆದ ರಿಚರ್ಡ್ ಝಿಗ್‌ಮೊಂಡಿ ಪೊರೆಗಳನ್ನು ನಂಬಲರ್ಹವಾಗಿ ಮತ್ತೆ ಮತ್ತೆ ತಯಾರಿಸುವ ದಾರಿ ಹಾಕಿಕೊಟ್ಟ. ಇಷ್ಟಾದರೂ ಪೊರೆಗಳು ಬಹಳ ನಿಧಾನ. ಆ ತೊಡಕು ಬಿಡಿಸಿದ್ದು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಬಿಗಿ ಪದರ, ಅದರ ಕೆಳಗೆ ಸಡಿಲವಾದ ದಪ್ಪ ಪದರ. ತಡೆಯುವುದು ತೆಳು ಪದರ, ಅದನ್ನು ಹೊತ್ತು ನಿಲ್ಲುವುದು ದಪ್ಪದ್ದು. ನೀರು ಹಲವು ಪಟ್ಟು ಬೇಗ ಹರಿಯಿತು. ಸಮುದ್ರದ ನೀರನ್ನು ಸಿಹಿ ಮಾಡಲು ಹೊರಟ ಈ ಕೆಲಸದ ಹಿಂದೆಯೇ, ಎಂಐಟಿಯ ಪ್ರಾಧ್ಯಾಪಕ ಅಲನ್ ಮೈಕೆಲ್ಸ್ 1962ರಲ್ಲಿ ಅಮಿಕಾನ್ ಕಂಪನಿ ಕಟ್ಟಿ ಅಂಥ ಪೊರೆಗಳನ್ನು ಪ್ರೋಟೀನಿನ ಕೆಲಸಕ್ಕೆ ತಿರುಗಿಸಿದ. ಕಂಪನಿ ಕೈ ಬದಲಾಯಿಸುತ್ತ ಹೋಗಿ ಈಗ ಜರ್ಮನಿಯ ಮರ್ಕ್ ಬಳಿ ಇದೆ. ಆದರೂ ನಮ್ಮ ಪ್ರಯೋಗಾಲಯಗಳಲ್ಲಿ 'ಒಂದು ಅಮಿಕಾನ್ ಕೊಡಿ' ಎಂದೇ ಕೇಳುತ್ತಾರೆ, ಕೈಗೆ ಬರುವುದು ಬೇರೆ ಕಂಪನಿಯದಾದರೂ.

ಪೊರೆ ಕೊಳ್ಳುವಾಗ ಮೊದಲು ಎದುರಾಗುವುದು ಒಂದು ಸಂಖ್ಯೆ: 3, 10, 30, 50, 100 ಕಿಲೋಡಾಲ್ಟನ್. ಇಷ್ಟು ತೂಕದ ಅಣುವಿನಿಂದ ಮೇಲಿನದನ್ನು ಪೊರೆ ತಡೆಯುತ್ತದೆ ಎಂಬ ಸೂಚನೆ. ಇನ್ಸುಲಿನ್ 5.8 ಕಿಲೋಡಾಲ್ಟನ್, ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ 14.3, ರಕ್ತದ ಆಲ್ಬುಮಿನ್ ಸುಮಾರು 66, ಪ್ರತಿಕಾಯ ಸುಮಾರು 150. ಹಾಗಾದರೆ ಆಲ್ಬುಮಿನ್ ಹಿಡಿಯಲು 50ರ ಪೊರೆ ಸಾಕಲ್ಲವೇ ಎಂದು ವಿದ್ಯಾರ್ಥಿ ಕೇಳುವುದು ಸಹಜ. ಸಾಲದು.

ಈ ಸಂಖ್ಯೆ ಕೊಡುವ ಭರವಸೆ ತೀರ ಸಡಿಲ. ಅಷ್ಟು ತೂಕದ, ಉಂಡೆಯಾಕಾರದ ಅಣುಗಳಲ್ಲಿ ನೂರಕ್ಕೆ 90 ನಿಂತರೆ ಆ ಸಂಖ್ಯೆ ಅಚ್ಚುಹಾಕುವುದು ವಾಡಿಕೆ, ಮತ್ತು ಅದನ್ನು ಅಳೆಯುವ ವಿಧಾನ ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರು ಡೆಕ್ಸ್‌ಟ್ರಾನ್ ಹಾಕಿ ಅಳೆದರೆ ಇನ್ನೊಬ್ಬರು ಪ್ರೋಟೀನು ಹಾಕುತ್ತಾರೆ. ಒಂದೇ ತೂಕದ ಅಣುವಾದರೂ ಉದ್ದಕ್ಕೆ ಎಳೆಯಾಗಿ ಚಾಚಿಕೊಂಡಿದ್ದರೆ ತುದಿಯಿಂದ ನುಸುಳಿಹೋಗುತ್ತದೆ. ಡಿಎನ್‌ಎ ತುಣುಕುಗಳು, ಕೆಲವು ಪಾಲಿಸ್ಯಾಕರೈಡುಗಳು ಹೀಗೆ ಕೈಕೊಡುತ್ತವೆ. ಆದ್ದರಿಂದ ಅನುಭವಿಗಳು ಹಿಡಿಯಬೇಕಾದ ಅಣುವಿನ ತೂಕದ ಮೂರನೇ ಒಂದರಿಂದ ಆರನೇ ಒಂದು ಭಾಗದಷ್ಟರ ಪೊರೆ ಆರಿಸುತ್ತಾರೆ. ಆಲ್ಬುಮಿನ್‌ಗೆ 10 ಅಥವಾ ಹೆಚ್ಚೆಂದರೆ 20, ಪ್ರತಿಕಾಯಕ್ಕೆ 30 ಅಥವಾ 50.

ನೂರಕ್ಕೆ 90 ಎಂದರೆ ಒಳ್ಳೆಯ ಅಂಕವೇ ಅಲ್ಲವೇ ಎನಿಸಬಹುದು. ಪ್ರೋಟೀನಿನ ಜೊತೆಗಿರುವ ಉಪ್ಪನ್ನು ತೊಳೆಯಲು, ದಾಟಿಹೋದಷ್ಟೇ ಹೊಸ ಬಫರನ್ನು ಮೇಲಿನಿಂದ ಸೇರಿಸುತ್ತ ಹೋಗುವ ಕ್ರಮವಿದೆ. ಡಯಾಫಿಲ್ಟ್ರೇಷನ್ ಅದರ ಹೆಸರು. ಪಾತ್ರೆಯಲ್ಲಿರುವಷ್ಟು ಬಫರು ಒಂದು ಸಲ ಹರಿದರೆ ಹಳೆಯ ಉಪ್ಪಿನಲ್ಲಿ ನೂರಕ್ಕೆ 37 ಪಾಲು ಉಳಿಯುತ್ತದೆ, ಮೂರು ಸಲಕ್ಕೆ 5, ಐದು ಸಲಕ್ಕೆ 0.7, ಏಳು ಸಲಕ್ಕೆ 0.1ಕ್ಕಿಂತ ಕಡಿಮೆ. ಉಪ್ಪನ್ನು ಕೊಚ್ಚಿಕೊಂಡು ಹೋಗುವ ಅದೇ ಗಣಿತ ಪ್ರೋಟೀನಿಗೂ ಅನ್ವಯಿಸುತ್ತದೆ. ಪೊರೆ 99 ಪಾಲು ತಡೆಯುವಂಥದ್ದಾದರೆ ಏಳು ಸಲದ ತೊಳೆತದಲ್ಲಿ ಪ್ರೋಟೀನಿನ 7 ಪಾಲು ಹೋಗುತ್ತದೆ. 90 ಪಾಲು ಮಾತ್ರ ತಡೆಯುವಂಥದ್ದಾದರೆ ಅರ್ಧಕ್ಕರ್ಧ ಹೋಗುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಿ ಕೆಲಸ ಮಾಡಿದ ಎಷ್ಟೋ ಪ್ರಬಂಧಗಳಲ್ಲಿ 'ಇಳುವರಿ ಕಡಿಮೆ' ಎಂದು ಬರೆದುಕೊಂಡದ್ದರ ಹಿಂದೆ ಈ ಸರಳ ಲೆಕ್ಕ ಇರಬಹುದು. ದಾಟಿದ ನೀರನ್ನು ಚೆಲ್ಲುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡುವುದು ಇದಕ್ಕಿರುವ ಅಗ್ಗದ ಮದ್ದು, ಆದರೂ ಅದನ್ನು ಮಾಡುವವರು ಕಡಿಮೆ.

ಉಪಕರಣಗಳಲ್ಲಿ ತೀರ ಚಿಕ್ಕದು ಸೆಂಟ್ರಿಫ್ಯೂಜಿಗೆ ಹಾಕುವ ಟ್ಯೂಬು. ಮೇಲಿನ ಅರೆಗೆ ಪೊರೆ ಅಂಟಿಸಿರುತ್ತಾರೆ, ಕೆಳಗೆ ಖಾಲಿ ಅರೆ. ಅರ್ಧ ಮಿಲಿಲೀಟರಿನ ಗಾತ್ರದಿಂದ 15 ಮಿಲಿಲೀಟರಿನವರೆಗೆ ಸಾಮಾನ್ಯ, ಅದಕ್ಕಿಂತ ದೊಡ್ಡವೂ ಇವೆ. 15 ಮಿಲಿಲೀಟರ್ ತೆಳು ದ್ರಾವಣ ಅರ್ಧ ಗಂಟೆಯ ಆಚೀಚೆ 200 ಮೈಕ್ರೋಲೀಟರಿಗೆ ಇಳಿಯುತ್ತದೆ. ಪಂಪಿಲ್ಲ, ಗೇಜಿಲ್ಲ, ಕೊಳವೆಯಿಲ್ಲ. ಒಳ್ಳೆಯ ವಿನ್ಯಾಸದ ಟ್ಯೂಬಿನಲ್ಲಿ ಪೊರೆ ತಳಕ್ಕಿಂತ ಸ್ವಲ್ಪ ಮೇಲೆ ನಿಲ್ಲುವುದರಿಂದ, ಕೆಲಸಗಾರ ಚಹಾಕ್ಕೆ ಹೋಗಿ ತಡವಾದರೂ ಪ್ರೋಟೀನು ಪೂರ್ತಿ ಒಣಗಿ ಹಾಳಾಗದು. ಪೊರೆ ಒಣಗದಿರಲೆಂದು ತಯಾರಕರು ಹಚ್ಚಿದ ಗ್ಲಿಸರಿನ್‌ನ ಕುರುಹು ಇರುತ್ತದೆ, ಮೊದಲು ಬಫರಿನಲ್ಲಿ ತೊಳೆದುಕೊಳ್ಳಬೇಕು. ದ್ರಾವಣ ತೀರ ತೆಳುವಾಗಿದ್ದರೆ, ಅಂದರೆ ಮಿಲಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿದ್ದರೆ, ಪೊರೆಗೂ ಪ್ಲಾಸ್ಟಿಕ್ಕಿಗೂ ಅಂಟಿಕೊಂಡೇ ಒಂದು ಪಾಲು ಮಾಯವಾಗುತ್ತದೆ. ಅಂಥಲ್ಲಿ ಪಾಲಿಈಥರ್‌ಸಲ್ಫೋನ್‌ಗಿಂತ ಪುನರುತ್ಪಾದಿತ ಸೆಲ್ಯುಲೋಸ್ ಪೊರೆ ಒಳ್ಳೆಯದು. ಗಟ್ಟಿ ಕ್ಷಾರದ ತೊಳೆತ ತಡೆದುಕೊಳ್ಳುವುದರಲ್ಲಿ ಮೊದಲನೆಯದೇ ಮೇಲು.

ಐವತ್ತು ಮಿಲಿಲೀಟರ್ ದಾಟಿದರೆ ಟ್ಯೂಬು ಬೇಸರ ತರಿಸುತ್ತದೆ. ಆಗ ಕಲಕುವ ಕೋಶ: ಪಾರದರ್ಶಕ ಉರುಳೆಯ ತಳದಲ್ಲಿ ಪೊರೆ, ಮೇಲಿನಿಂದ ನೈಟ್ರೋಜನ್ ಸಿಲಿಂಡರಿನ ಒತ್ತಡ, ಪೊರೆಗೆ ತಾಗದಂತೆ ತೂಗುಬಿದ್ದು ತಿರುಗುವ ಕಾಂತದ ಕಡ್ಡಿ. ನಾಲ್ಕುನೂರು ಮಿಲಿಲೀಟರಿನವರೆಗಿನ ಕೋಶಗಳು ಸಿಗುತ್ತವೆ. ಆರು ದಶಕಗಳ ಹಳೆಯ ವಿನ್ಯಾಸ, ಕೆಡುವುದಕ್ಕೆ ಹೆಚ್ಚೇನೂ ಇಲ್ಲ, ಒಂದು ಪೊರೆ ಹಾಳಾದರೆ ಬಿಲ್ಲೆಯೊಂದನ್ನೇ ಬದಲಾಯಿಸಬಹುದು. ಹೊಸ ಕ್ಯಾಟಲಾಗುಗಳ ಹೊಳಪಿನಲ್ಲಿ ಇದು ಹಿಂದೆ ಸರಿದಿದೆಯಾದರೂ ಕಾಲೇಜು ಪ್ರಯೋಗಾಲಯಕ್ಕೆ ಇದರಷ್ಟು ಹೊಂದುವ ಉಪಕರಣ ಇನ್ನೊಂದಿಲ್ಲ.

ಕಡ್ಡಿ ತಿರುಗುವುದೇಕೆ ಎಂಬುದರಲ್ಲಿ ಈ ತಂತ್ರದ ಮುಖ್ಯ ತೊಡಕೇ ಅಡಗಿದೆ. ನೀರು ದಾಟುತ್ತ ಹೋದಂತೆ ತಡೆದ ಪ್ರೋಟೀನು ಪೊರೆಯ ಮೈಮೇಲೆ ಗುಡ್ಡೆ ಹಾಕಿಕೊಳ್ಳುತ್ತದೆ. ಕ್ರಮೇಣ ಅಲ್ಲೊಂದು ಲೋಳೆಯ ಪದರ. ಆಮೇಲೆ ಸೋಸುವುದು ಪೊರೆಯಲ್ಲ, ಆ ಲೋಳೆ. ಒತ್ತಡ ಏರಿಸಿದರೆ ಮೊದಮೊದಲು ಹರಿವು ಏರುತ್ತದೆ, ಒಂದು ಮಟ್ಟದ ನಂತರ ಏರುವುದಿಲ್ಲ. ಲೋಳೆ ಇನ್ನಷ್ಟು ಬಿಗಿಯಾಗುತ್ತದೆ, ಅಷ್ಟೆ. ಹೊಸಬರು ಇಲ್ಲಿ ರೆಗ್ಯುಲೇಟರನ್ನು ಇನ್ನೂ ತಿರುವುತ್ತಾರೆ. ಬೇಕಾದದ್ದು ಪೊರೆಯ ಮೈಯನ್ನು ಸವರಿಕೊಂಡು ಹೋಗುವ ಹರಿವು.

ಆ ಹರಿವನ್ನೇ ಮೂಲಸೂತ್ರ ಮಾಡಿಕೊಂಡದ್ದು ಅಡ್ಡಹರಿವಿನ ಯಂತ್ರ. ಟಿಎಫ್‌ಎಫ್ ಎಂದು ಪ್ರಯೋಗಾಲಯದವರು ಕರೆಯುವುದು ಇದನ್ನೇ. ದ್ರಾವಣ ಪೊರೆಗೆ ನೇರ ಗುದ್ದದೆ ಪಕ್ಕದಿಂದ ಸಾಗಿ, ಸ್ವಲ್ಪ ನೀರನ್ನು ಬಿಟ್ಟುಕೊಟ್ಟು, ಪಾತ್ರೆಗೆ ಮರಳಿ ಮತ್ತೆ ಸುತ್ತುತ್ತದೆ. ಒಂದು ಪೆರಿಸ್ಟಾಲ್ಟಿಕ್ ಪಂಪು, ಎರಡು ಒತ್ತಡದ ಗೇಜು, ಅಂಗೈಯಗಲದ ಕ್ಯಾಸೆಟ್ಟು, ಒಂದಿಷ್ಟು ಕೊಳವೆ. ಇಷ್ಟೂ ಸೇರಿ ಮೇಜಿನ ಮೂಲೆಯಲ್ಲಿ ಹಿಡಿಯುತ್ತದೆ. ಮರ್ಕ್, ಸಾರ್ಟೋರಿಯಸ್, ಸೈಟೀವಾ ಮೂರೂ ಕಂಪನಿಗಳು ಇಂಥವನ್ನು ಮಾರುತ್ತವೆ. ಚಿಕ್ಕ ಕ್ಯಾಸೆಟ್ಟುಗಳ ಪೊರೆಯ ವಿಸ್ತೀರ್ಣ 50 ಚದರ ಸೆಂಟಿಮೀಟರ್, ಮುಂದಿನ ಹಂತದವು 200, ಅದಕ್ಕೂ ಮುಂದಿನವು 1,000. ಚದರ ಮೀಟರಿಗೆ ಗಂಟೆಗೆ 30 ಲೀಟರ್ ಹರಿಯುತ್ತದೆಂದು ಇಟ್ಟುಕೊಂಡರೆ ಚಿಕ್ಕದು ಗಂಟೆಗೆ 150 ಮಿಲಿಲೀಟರ್ ಸೋಸುತ್ತದೆ, ದೊಡ್ಡದು 3 ಲೀಟರ್. ಅರ್ಧ ಲೀಟರ್ ದ್ರಾವಣಕ್ಕೆ ಚಿಕ್ಕದರಲ್ಲಿ ಮೂರು ಗಂಟೆ ಮೇಲೆ ಬೇಕು, ದೊಡ್ಡದರಲ್ಲಿ ಹತ್ತೇ ನಿಮಿಷ. ಹಾಗೆಂದು ದೊಡ್ಡದನ್ನೇ ಕೊಂಡರೆ ಇನ್ನೊಂದು ಕಡೆ ಏಟು: ಕ್ಯಾಸೆಟ್ಟು, ಕೊಳವೆಗಳ ಒಳಗೇ ಹಲವು ಮಿಲಿಲೀಟರ್ ಸಿಕ್ಕಿಕೊಂಡಿರುತ್ತದೆ. ಕೊನೆಯ ಸಾಂದ್ರ ದ್ರಾವಣ 5 ಮಿಲಿಲೀಟರ್ ಆಗಿ, ಅದರಲ್ಲಿ 2 ಕೊಳವೆಯಲ್ಲೇ ಉಳಿದರೆ ನೂರಕ್ಕೆ 40 ಹೋದಂತೆ. ಬಫರು ಹಾಯಿಸಿ ಅದನ್ನು ಹೊರಗೆಳೆಯಬಹುದು, ಆದರೆ ಸಾಂದ್ರಗೊಳಿಸಿದ್ದು ಮತ್ತೆ ತೆಳುವಾಗುತ್ತದೆ.

ಅಡ್ಡಹರಿವಿನ ಯಂತ್ರದ ಪರವಾಗಿ ಹೇಳಲೇಬೇಕಾದ ಒಂದು ಮಾತಿದೆ. ಮೇಜಿನ ಮೇಲೆ 50 ಚದರ ಸೆಂಟಿಮೀಟರಿನಲ್ಲಿ ಕಂಡುಕೊಂಡ ಒತ್ತಡ, ಹರಿವು, ತೊಳೆತದ ಲೆಕ್ಕಗಳು ಕಾರ್ಖಾನೆಯ ಹತ್ತಾರು ಚದರ ಮೀಟರಿಗೆ ಹೆಚ್ಚು ವ್ಯತ್ಯಾಸವಿಲ್ಲದೆ ಹೋಗುತ್ತವೆ. ದ್ರಾವಣ ಸಾಗುವ ಕಾಲುವೆಯ ಉದ್ದ ಅಷ್ಟೇ ಇರಿಸಿ ಕ್ಯಾಸೆಟ್ಟುಗಳ ಸಂಖ್ಯೆ ಹೆಚ್ಚಿಸುತ್ತಾರೆ. ಟ್ಯೂಬಿನಲ್ಲಿ ಕಂಡುಕೊಂಡದ್ದನ್ನು ಹೀಗೆ ದೊಡ್ಡದು ಮಾಡಲಾಗದು. ಉದ್ಯಮದ ಪ್ರಯೋಗಾಲಯಗಳು ಇದಕ್ಕಾಗಿಯೇ ಅದನ್ನು ಕೊಳ್ಳುತ್ತವೆ.

ಕರ್ನಾಟಕದಲ್ಲಿ ಈ ಚಿಕ್ಕ ಮೇಜು ದೊಡ್ಡ ಕಾರ್ಖಾನೆಯಾದ ಕಥೆಗೆ ಬಯೋಕಾನ್ ಹತ್ತಿರದ ಉದಾಹರಣೆ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಶುರು ಮಾಡಿದ್ದು ಪಪ್ಪಾಯಿ ಹಾಲಿನಿಂದ ಪಪೇನ್ ಮತ್ತು ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್ ತೆಗೆಯುವ ಕೆಲಸ. ಎರಡೂ ಬಿಯರನ್ನು ತಿಳಿಗೊಳಿಸಲು ಬೇಕಾದವು. ಪಪೇನ್ 23 ಕಿಲೋಡಾಲ್ಟನ್ನಿನ ಆಸುಪಾಸಿನ ಎಂಜೈಮು. ಮೇಲಿನ ನಿಯಮದಂತೆ ನೋಡಿದರೆ ಅದಕ್ಕೆ 5ರ ಪೊರೆ ಸರಿ, ಸಿಗದಿದ್ದರೆ ತುಸು ನಷ್ಟ ಒಪ್ಪಿಕೊಂಡು 10ರದ್ದು. ಅದೇ ಕಂಪನಿ 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ತೆಗೆದ ಮಾನವ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ಬರಿಯ 5.8 ಕಿಲೋಡಾಲ್ಟನ್, ಅಂಥ ಚಿಕ್ಕ ಅಣುವನ್ನು ಹಿಡಿಯಲು ಇನ್ನೂ ಬಿಗಿಯಾದ ಪೊರೆ, ಅಷ್ಟೇ ನಿಧಾನದ ಹರಿವು. ಪೊರೆ ಮಾರುವವರೂ ಬೆಂಗಳೂರಿನ ಆಸುಪಾಸಿನಲ್ಲೇ ನೆಲೆಯೂರಿದರು. ಮಿಲಿಪೋರ್ ಪೀಣ್ಯದಲ್ಲಿ, ಸಾರ್ಟೋರಿಯಸ್ ನೆಲಮಂಗಲದ ಜಕ್ಕಸಂದ್ರದಲ್ಲಿ.

ಹತ್ತಿರದಲ್ಲಿ ಕಂಪನಿ ಇದ್ದ ಮಾತ್ರಕ್ಕೆ ಪೊರೆ ಸುಲಭಕ್ಕೆ ಸಿಗುತ್ತದೆಂದಲ್ಲ. 2021ರ ಏಪ್ರಿಲಿನಲ್ಲಿ ಕೋವಿಡ್ ಲಸಿಕೆಯ ತಯಾರಿ ಭರದಲ್ಲಿದ್ದಾಗ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಮುಖ್ಯಸ್ಥ ಅಮೆರಿಕದ ಅಧ್ಯಕ್ಷರಿಗೆ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಅಲ್ಲಿಂದ ಬರಬೇಕಾದ ಕಚ್ಚಾ ಸಾಮಗ್ರಿ ನಿಂತಿತ್ತು, ಫಿಲ್ಟರುಗಳೂ ಒಮ್ಮೆ ಬಳಸುವ ಚೀಲಗಳೂ ಆ ಪಟ್ಟಿಯಲ್ಲಿದ್ದವು. ದೇಶದಲ್ಲಿ ಪೊರೆ ತಯಾರಿಸುವ ವಿದ್ಯೆ ಇಲ್ಲವೆಂದಲ್ಲ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ದಶಕಗಳಿಂದ ಪೊರೆ ಮಾಡುತ್ತಿದೆ, ಮುಂಬಯಿಯ ಉದಾಹರಣೆ ಆಗಲೇ ಬಂತು. ನೀರಿಗೆ ಬೇಕಾದ ಪೊರೆ ಮಾಡುವುದು ಒಂದು, ಔಷಧದ ದಾಖಲೆಗೆ ನಿಲ್ಲುವಂತೆ ಪ್ರತಿ ಬ್ಯಾಚೂ ಒಂದೇ ಗುಣದ್ದಾಗಿರುವ ಪೊರೆ ಮಾಡುವುದು ಇನ್ನೊಂದು.

ಭೀಮಾ ದಂಡೆಯ ಹೊಲದಲ್ಲಿ ಕೆಲಸ ಮಾಡುವವರಿಗೆ ಈ ತಂತ್ರದ ಅತಿ ಹತ್ತಿರದ ಫಲವೆಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಒಂದೇ ಸೀಸೆಯ ಔಷಧ. ತಮಿಳುನಾಡಿನ ಇರುಳರ ಸಹಕಾರ ಸಂಘ ಹಾವು ಹಿಡಿದು ವಿಷ ತೆಗೆಯುತ್ತದೆ. ಅದನ್ನು ಕುದುರೆಗೆ ಅಲ್ಪಸ್ವಲ್ಪವಾಗಿ ಚುಚ್ಚಿ ಪ್ರತಿಕಾಯ ಬೆಳೆಸಿ, ರಕ್ತದ ಪ್ಲಾಸ್ಮಾ ಪಡೆಯುತ್ತಾರೆ. ಪ್ರತಿಕಾಯದ ಬಾಲದ ತುಂಡು ಮನುಷ್ಯನ ಮೈಯಲ್ಲಿ ಅಲರ್ಜಿ ಎಬ್ಬಿಸಬಹುದೆಂದು ಪೆಪ್ಸಿನ್ ಎಂಜೈಮಿನಿಂದ ಅದನ್ನು ಕತ್ತರಿಸುತ್ತಾರೆ. 150 ಕಿಲೋಡಾಲ್ಟನ್ ಇದ್ದದ್ದು ಸುಮಾರು 110ಕ್ಕೆ ಇಳಿಯುತ್ತದೆ. ಕತ್ತರಿಸಿ ಚೂರಾದ ಬಾಲ, ಬೇರೆ ಪ್ರೋಟೀನು ಇಳಿಸಲು ಹಾಕಿದ ರಾಸಾಯನಿಕ, ಉಪ್ಪು ಎಲ್ಲ ಅದರಲ್ಲೇ ಬೆರೆತಿರುತ್ತವೆ. ಇವನ್ನು ಹೊರಹಾಕಿ ಬೇಕಾದ ತುಂಡನ್ನು ಸಾಂದ್ರಗೊಳಿಸುವುದು ಅಲ್ಟ್ರಾಫಿಲ್ಟ್ರೇಷನ್ ಪೊರೆ. ಆಮೇಲೆ ರೋಗಾಣು ಸೋಸುವುದು, ಹೆಪ್ಪುಗಟ್ಟಿಸಿ ಒಣಗಿಸುವುದು, ಸೀಸೆ.

ಪ್ರತಿವಿಷದ ಒಂದು ಮಿಲಿಲೀಟರು ನಾಗರ ಮತ್ತು ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು, ಉಳಿದೆರಡರ 0.45 ಮಿಲಿಗ್ರಾಂ ವಿಷವನ್ನು ತಟಸ್ಥಗೊಳಿಸಬೇಕು. ತೊಳೆತದಲ್ಲಿ ಪೊರೆ ಸೋರಿದರೆ ಈ ಅಂಕಿಯನ್ನು ಮುಟ್ಟಲು ಇನ್ನಷ್ಟು ಕುದುರೆ ರಕ್ತ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದನ್ನು ತೋರಿಸುತ್ತ ಬಂದಿದೆ. ಅಮೆರಿಕದ ಸಂಶೋಧಕರೊಂದಿಗೆ ಸೇರಿ ಅವರು 2024ರಲ್ಲಿ ಪ್ರಕಟಿಸಿದ ಕೆಲಸ ಕುದುರೆಯನ್ನೇ ಬಿಟ್ಟು, ಹಲವು ಜಾತಿಯ ಹಾವುಗಳ ನರವಿಷಕ್ಕೆ ಎದುರಾಗುವ ಮಾನವ ಪ್ರತಿಕಾಯವನ್ನು ಪ್ರಯೋಗಾಲಯದಲ್ಲೇ ರೂಪಿಸುವುದು. ಅಂಥ ಪ್ರತಿಕಾಯಗಳು ಶುದ್ಧೀಕರಣದ ಕಾಲಮ್ಮಿನಿಂದ ಇಳಿದಾಗ ಸಾಮಾನ್ಯವಾಗಿ ತೆಳುವಾಗಿ, ಬೇಡದ ಬಫರಿನಲ್ಲಿ ಇರುತ್ತವೆ. ಸಾಂದ್ರಗೊಳಿಸಿ ಬಫರು ಬದಲಿಸಲು ಪ್ರೋಟೀನು ಪ್ರಯೋಗಾಲಯಗಳು ಮೊದಲು ಕೈಗೆತ್ತಿಕೊಳ್ಳುವುದು ಸೆಂಟ್ರಿಫ್ಯೂಜಿನ ಆ ಚಿಕ್ಕ ಟ್ಯೂಬನ್ನೇ.

ದುಬಾರಿ ಕ್ಯಾಸೆಟ್ಟು ಕೊಳ್ಳಲಾಗದವರಿಗೆ ಇನ್ನೊಂದು ದಾರಿ ಆಸ್ಪತ್ರೆಯ ಕಡೆಯಿಂದ ಬಂದಿದೆ. ಕಿಡ್ನಿ ರೋಗಿಗಳ ಡಯಾಲಿಸಿಸ್ ಈಗ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿರುವುದರಿಂದ ಡಯಲೈಸರ್ ಎಂಬ ಆ ಮೊಳದುದ್ದದ ಪ್ಲಾಸ್ಟಿಕ್ ಕೊಳವೆಯನ್ನು ಬಹಳ ಜನ ನೋಡಿದ್ದಾರೆ. ಅದರೊಳಗೆ ಶಾವಿಗೆಯಂತೆ ತುಂಬಿರುವ ಎಳೆಗಳು ಸುಮಾರು ಹತ್ತು ಸಾವಿರ. ಪ್ರತಿಯೊಂದೂ ಒಳಗೆ ಟೊಳ್ಳು, ಒಳವ್ಯಾಸ ಸುಮಾರು 200 ಮೈಕ್ರಾನ್. ಎಲ್ಲ ಎಳೆಗಳ ಗೋಡೆ ಸೇರಿದರೆ ಒಂದೂವರೆಯಿಂದ ಎರಡೂವರೆ ಚದರ ಮೀಟರ್ ಪೊರೆ. ರಕ್ತದ ಆಲ್ಬುಮಿನನ್ನು ಉಳಿಸಿಕೊಂಡು ಯೂರಿಯಾವನ್ನು ಬಿಟ್ಟುಕೊಡುವ ಈ ಪೊರೆ ಅಲ್ಟ್ರಾಫಿಲ್ಟರೇ. ಮೇಜಿನ ಮೇಲಿನ 50 ಚದರ ಸೆಂಟಿಮೀಟರಿನ ಕ್ಯಾಸೆಟ್ಟಿಗೆ ಹೋಲಿಸಿದರೆ ಮುನ್ನೂರು ಪಟ್ಟಿಗೂ ಮೇಲು. ಲಕ್ಷಗಟ್ಟಲೆ ತಯಾರಾಗುವುದರಿಂದ ಬೆಲೆಯೂ ಕೈಗೆಟಕುವಂಥದ್ದು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಇದನ್ನೇ ನೀರಿನ ಪರೀಕ್ಷೆಗೆ ಬಳಸುವ ವಿಧಾನ ರೂಪಿಸಿದೆ. ಹತ್ತಾರು ಲೀಟರ್ ನೀರನ್ನು ಪೆರಿಸ್ಟಾಲ್ಟಿಕ್ ಪಂಪಿನಿಂದ ಡಯಲೈಸರಿನ ಮೂಲಕ ಹಾಯಿಸುತ್ತಾರೆ. ನೀರು ಗೋಡೆ ದಾಟಿ ಹೊರಹೋಗುತ್ತದೆ, ವೈರಸ್, ಬ್ಯಾಕ್ಟೀರಿಯಾ, ಪರೋಪಜೀವಿ ಮೂರೂ ಎಳೆಗಳೊಳಗೆ ಉಳಿಯುತ್ತವೆ. ಆಮೇಲೆ ಟ್ವೀನ್ 80 ಮತ್ತು ಪಾಲಿಫಾಸ್ಫೇಟ್ ಬೆರೆಸಿದ ಅರ್ಧ ಲೀಟರಿನಷ್ಟು ದ್ರಾವಣವನ್ನು ಹಿಂದುಮುಂದಾಗಿ ಹಾಯಿಸಿ ಅವನ್ನು ಕೊಡವಿ ತೆಗೆಯುತ್ತಾರೆ. ಅದನ್ನು ಮತ್ತೊಂದು ಹಂತದಲ್ಲಿ ಇಳಿಸಿದರೆ ಪಿಸಿಆರ್‌ಗೆ ಸಿದ್ಧ.

ಭೀಮಾ ತೀರಕ್ಕೆ ಇದು ದೂರದ ಮಾತಲ್ಲ. 2020ರ ಅಕ್ಟೋಬರಿನಲ್ಲಿ ನದಿ ಉಕ್ಕಿ ವಿಜಯಪುರ, ಕಲಬುರಗಿ ಜಿಲ್ಲೆಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ಪ್ರವಾಹದ ನಂತರ ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷಿಸುವಾಗ ನೋಡುವುದು 100 ಮಿಲಿಲೀಟರಿನಲ್ಲಿ ಇ. ಕೊಲೈ ಇದೆಯೇ ಎಂದು. ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಬರಿಯ 30 ನ್ಯಾನೊಮೀಟರಿನದು, ಹತ್ತಾರು ಲೀಟರಿನಲ್ಲಿ ಕೆಲವೇ ಕಣಗಳಿದ್ದರೂ ಅಪಾಯಕಾರಿ. ಅದನ್ನು ಹುಡುಕಲು ಇಂಥ ಸಾಂದ್ರಣ ಬೇಕೇ ಬೇಕು. ಕೆಲಸಕ್ಕೆ ಹೊಸ ಡಯಲೈಸರನ್ನೇ ಕೊಳ್ಳಬೇಕು. ರೋಗಿಗೆ ಬಳಸಿದ್ದು ಜೈವಿಕ ವೈದ್ಯಕೀಯ ತ್ಯಾಜ್ಯ, ಅದನ್ನು ಕಾಲೇಜಿನ ಮೇಜಿಗೆ ತರುವ ಮಾತೇ ಇಲ್ಲ.

ಇನ್ನು ಪೊರೆಯೇ ಇಲ್ಲದ ಹಳೆಯ ದಾರಿಗಳು. ಅಮೋನಿಯಂ ಸಲ್ಫೇಟ್ ಸುರಿದು ಪ್ರೋಟೀನನ್ನು ಕೆಳಗಿಳಿಸುವುದು, ಆಮೇಲೆ ಡಯಾಲಿಸಿಸ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ತಣ್ಣನೆಯ ಬಫರಿನಲ್ಲಿ ಬಿಡುವುದು. ಚೀಲದ ಹೊರಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಹಾಕಿದರೆ ಅದು ನೀರನ್ನೆಳೆದು ಒಳಗಿನದನ್ನು ಸಾಂದ್ರವೂ ಮಾಡುತ್ತದೆ. ನಮ್ಮ ಬಹುಪಾಲು ಎಂಎಸ್ಸಿ ಪ್ರಯೋಗಗಳು ನಡೆಯುವುದು ಹೀಗೆಯೇ, ಅದರಲ್ಲಿ ನಾಚಿಕೊಳ್ಳುವುದೇನಿಲ್ಲ. ಒಂದೆರಡು ಮಾದರಿ ಇದ್ದಾಗ, ಒಂದು ರಾತ್ರಿ ಕಾಯಲು ತೊಂದರೆಯಿಲ್ಲದಾಗ, ಚೀಲ ಕೊಡುವ ಫಲ ಯಂತ್ರದ್ದಕ್ಕಿಂತ ಕಡಿಮೆಯಿಲ್ಲ. ನಾಜೂಕು ಪ್ರೋಟೀನಿಗೆ ಪಂಪಿನ ಕುಲುಕಾಟ, ನೊರೆ ಎರಡೂ ಆಗದು. ಚೀಲದಲ್ಲಿ ಅವೆರಡೂ ಇಲ್ಲ. ಚೀಲ ಸೋಲುವುದು ಸಮಯದಲ್ಲಿ ಮತ್ತು ಪ್ರಮಾಣದಲ್ಲಿ.

ವಿಜಯಪುರದಂಥ ಊರಿನಲ್ಲಿ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಪ್ರೋಟೀನು ಕೆಡದಿರಲೆಂದು 4 ಡಿಗ್ರಿಯಲ್ಲಿ ಸೋಸಿದರೆ ನೀರಿನ ಸ್ನಿಗ್ಧತೆ 25 ಡಿಗ್ರಿಯಲ್ಲಿದ್ದುದಕ್ಕಿಂತ ಮುಕ್ಕಾಲು ಪಾಲು ಹೆಚ್ಚುತ್ತದೆ, ಹರಿವು ಹತ್ತಿರಹತ್ತಿರ ಅರ್ಧಕ್ಕೆ ಬೀಳುತ್ತದೆ. ಬಿಸಿ ಕೋಣೆಯಲ್ಲಿ ಬೇಗ ಸೋಸಬಹುದು, ಆದರೆ ಸುತ್ತಿ ಸುತ್ತಿ ಹರಿಯುವ ದ್ರಾವಣವನ್ನು ಪಂಪು ಇನ್ನಷ್ಟು ಕಾಯಿಸುತ್ತದೆ. ಮಧ್ಯೆ ಕರೆಂಟು ಹೋದರೆ ಅಡ್ಡಹರಿವು ನಿಲ್ಲುತ್ತದೆ, ಪೊರೆಯ ಮೇಲೆ ಲೋಳೆ ಕೂರುತ್ತದೆ. ಕಲಕುವ ಕೋಶದಲ್ಲಿ ಒತ್ತಡ ಸಿಲಿಂಡರಿನದು, ನಿಲ್ಲುವುದು ಕಡ್ಡಿ ಮಾತ್ರ.

ಹೀಗಿರುವಾಗ ಜಿಲ್ಲೆಯ ಕಾಲೇಜು ಪ್ರಯೋಗಾಲಯ ಯೋಜನೆಯ ಹಣ ಬಂತೆಂದು ಪಂಪು ಸಹಿತದ ಪೂರ್ಣ ಟಿಎಫ್‌ಎಫ್ ಯಂತ್ರ ಕೊಳ್ಳುವುದು ಸಾಮಾನ್ಯವಾಗಿ ತಪ್ಪು ಆಯ್ಕೆ. ಯಂತ್ರದ ಬೆಲೆ ಒಮ್ಮೆ ಕೊಡುವುದು. ಕ್ಯಾಸೆಟ್ಟಿನ ಬೆಲೆ ಮತ್ತೆ ಮತ್ತೆ ಬರುತ್ತದೆ, ಆ ಬಾಬ್ತಿಗೆ ಯೋಜನೆ ಮುಗಿದ ಮೇಲೆ ಹಣವಿರುವುದಿಲ್ಲ. ಕ್ಯಾಸೆಟ್ಟನ್ನು ಕಾಪಾಡುವುದೂ ಒಂದು ಶಿಸ್ತು: ಕೆಲಸ ಮುಗಿದೊಡನೆ ಸೋಡಿಯಂ ಹೈಡ್ರಾಕ್ಸೈಡ್ ಹಾಯಿಸಬೇಕು, ಶುದ್ಧ ನೀರಿನ ಹರಿವು ಹೊಸದರಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆದಿಡಬೇಕು, ಒಣಗದಂತೆ ತೆಳು ಕ್ಷಾರದಲ್ಲೋ ಶೇಕಡಾ 20ರ ಆಲ್ಕೋಹಾಲಿನಲ್ಲೋ ಮುಳುಗಿಸಿಡಬೇಕು. ಒಮ್ಮೆ ಒಣಗಿದ ಪೊರೆ ಹೆಚ್ಚಿನ ಸಲ ಮತ್ತೆ ಬಳಕೆಗೆ ಬಾರದು. ಬೇಸಿಗೆ ರಜೆ ಎರಡು ತಿಂಗಳಿರುವಲ್ಲಿ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಟೆಂಡರ್ ಕರೆಯುವ ಮುನ್ನವೇ ಕೇಳಬೇಕಾದ ಪ್ರಶ್ನೆ. ದಿನದ ಪ್ರಮಾಣ ಐವತ್ತು ಮಿಲಿಲೀಟರಿನ ಒಳಗಿದ್ದರೆ ಟ್ಯೂಬು, ನಾಲ್ಕುನೂರು ಮಿಲಿಲೀಟರಿನವರೆಗೆ ಕಲಕುವ ಕೋಶ, ಹತ್ತಾರು ಲೀಟರ್ ನೀರಿಗೆ ಹೊಸ ಡಯಲೈಸರು ಮತ್ತು ಪಂಪು. ಕ್ಯಾಸೆಟ್ಟು ಬೇಕಾಗುವುದು ಮೇಜಿನಿಂದ ಕಾರ್ಖಾನೆಗೆ ಹೋಗುವ ಉದ್ದೇಶ ನಿಜವಾಗಿ ಇದ್ದಾಗ.

ಆ ಉದ್ದೇಶ ಈ ಭಾಗದಲ್ಲಿ ಹುಟ್ಟುವುದಾದರೆ ಲಿಂಬೆಯಿಂದಲೇ ಹುಟ್ಟಬಹುದು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಬೇಸಿಗೆಯಲ್ಲಿ ಏರುವ ದರ ಮಳೆಗಾಲದಲ್ಲಿ ಕುಸಿಯುತ್ತದೆ, ಆಗಿನ ಹಣ್ಣನ್ನು ರಸ ಮಾಡಿ ಇಡಬೇಕೆಂಬ ಮಾತು ರೈತರ ಸಭೆಗಳಲ್ಲಿ ಹಳೆಯದು. ಕಾಯಿಸಿದರೆ ಲಿಂಬೆಯ ಪರಿಮಳ ಹೋಗುತ್ತದೆ. ಹಣ್ಣಿನ ರಸವನ್ನು ಕಾಯಿಸದೆ ಪೊರೆಗಳಿಂದಲೇ ಸಾಂದ್ರಗೊಳಿಸುವ ಬಗ್ಗೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಕೆ.ಎಸ್.ಎಂ.ಎಸ್. ರಾಘವರಾವ್ ಮತ್ತು ಸಂಗಡಿಗರು ವರ್ಷಗಳ ಕಾಲ ಕೆಲಸ ಮಾಡಿದ್ದಾರೆ. ಅದರ ಮೊದಲ ಹಂತ ರಸವನ್ನು ತಿಳಿಗೊಳಿಸುವುದು, ಅಲ್ಟ್ರಾಫಿಲ್ಟ್ರೇಷನ್ ಒಗ್ಗುವುದು ಅಲ್ಲೇ. ಇಲ್ಲಿ ಬೇಕಾದದ್ದು ದಾಟಿ ಬಂದ ರಸ: ಸಿಟ್ರಿಕ್ ಆಮ್ಲದ ಅಣು ಬರಿಯ 192 ಡಾಲ್ಟನ್, ಯಾವ ಅಲ್ಟ್ರಾಫಿಲ್ಟ್ರೇಷನ್ ಪೊರೆಯನ್ನೂ ಲೆಕ್ಕಿಸದು. ತಿರುಳಿನ ಚೂರು, ಪೆಕ್ಟಿನ್, ರಸ ಕೆಡಿಸುವ ಎಂಜೈಮು ಮತ್ತು ಸೂಕ್ಷ್ಮಜೀವಿ ಈಚೆ ಉಳಿಯುತ್ತವೆ.

ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನಲ್ಲೋ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೋ ಒಂದು ಚಿಕ್ಕ ಕ್ಯಾಸೆಟ್ಟಿನ ಮೇಲೆ ನಡೆಸಬಹುದಾದ ಪ್ರಯೋಗ ಇದು. ಪೆಕ್ಟಿನ್ ಇರುವ ರಸ ಪೊರೆಯನ್ನು ಬಹಳ ಬೇಗ ಮುಚ್ಚಿಬಿಡುತ್ತದೆ, ಆದ್ದರಿಂದ ಮೊದಲು ಪೆಕ್ಟಿನೇಸ್ ಹಾಕಿ ಎಷ್ಟು ಹೊತ್ತು ಬಿಡಬೇಕು, ಚದರ ಮೀಟರಿಗೆ ಗಂಟೆಗೆ ಎಷ್ಟು ಲೀಟರ್ ಹರಿಯುತ್ತದೆ, ಎಷ್ಟು ಗಂಟೆಗೊಮ್ಮೆ ತೊಳೆಯಬೇಕು ಎಂಬ ಮೂರು ಅಂಕಿಗಳು ಸಿಕ್ಕರೆ ಕಾರ್ಖಾನೆಯ ಲೆಕ್ಕ ಹಾಕಬಹುದು. ಒಂದು ತೊಡಕು ಆಗಲೂ ಉಳಿಯುತ್ತದೆ. ಇಟ್ಟ ರಸ ಕಹಿಯಾಗುವುದಕ್ಕೆ ಕಾರಣವಾದ ಲಿಮೋನಿನ್ 470 ಡಾಲ್ಟನ್ನಿನದು, ಆಮ್ಲದ ಜೊತೆ ಅದೂ ಪೊರೆ ದಾಟುತ್ತದೆ. ತಿಳಿಯಾದ ರಸವನ್ನು ಅದಕ್ಕಾಗಿ ಹೀರುವ ರಾಳದ ಕಾಲಮ್ಮಿನ ಮೂಲಕ ಮತ್ತೊಮ್ಮೆ ಹಾಯಿಸಬೇಕು.